ಓರೆಯ ಮೂಲ

ಕ್ರೋಶಾ ಕಡ್ಡಿಯಿಂದ ಸುತ್ತುಸುತ್ತಾಗಿ ಹೆಣೆದ ಮಗುವಿನ ಅಂಗಿಯೊಂದನ್ನು ಮೇಜಿನ ಮೇಲೆ ಹರಡಿ ನೋಡಿದರೆ, ಪ್ರತಿಯೊಂದು ಸುತ್ತಿನ ಆರಂಭವೂ ಅಂತ್ಯವೂ ಕೂಡುವಲ್ಲಿ ಒಂದು ಗೆರೆ ಕಾಣುತ್ತದೆ. ಹೆಣೆಯುವವರು ಅದನ್ನು ಅಂಗಿಯ ಪಕ್ಕಕ್ಕೆ, ಕಂಕುಳಿನ ನೇರಕ್ಕೆ ಬರುವಂತೆ ಯೋಜಿಸಿರುತ್ತಾರೆ. ಕೆಳ ಅಂಚಿನಲ್ಲಿ ಅದು ಇರಬೇಕಾದ ಸ್ಥಾನದಲ್ಲಿಯೇ ಇರುತ್ತದೆ. ಆದರೆ ಸುತ್ತುಗಳು ಏರಿದಂತೆಲ್ಲ ಅದು ಮೆಲ್ಲಮೆಲ್ಲನೆ ಬಲಕ್ಕೆ ವಾಲುತ್ತ, ತೋಳಿನ ಬುಡವನ್ನು ಮುಟ್ಟುವ ವೇಳೆಗೆ ಮೂರು ಬೆರಳಗಲ ಸರಿದು ನಿಂತಿರುತ್ತದೆ. ಕಂಬಗಳ ಎಣಿಕೆ ಸರಿಯಾಗಿದೆ, ನೂಲು ಒಳ್ಳೆಯದಾಗಿದೆ, ಕೈ ಪಳಗಿದೆ. ಆದರೂ ಗೆರೆ ಓರೆಯಾಗಿದೆ. ಇದನ್ನು ಕಂಡ ಕೂಡಲೇ ನೋಡುವವರ ಬಾಯಿಂದ ಬರುವ ಮಾತು ಒಂದೇ: “ಕೈ ತಪ್ಪಿದೆ.” ಈ ತೀರ್ಪು ಎಷ್ಟರ ಮಟ್ಟಿಗೆ ನ್ಯಾಯವಾದುದು ಎಂಬುದು ವಿಚಾರ ಮಾಡತಕ್ಕ ವಿಷಯ.

ಓರೆಯ ಕಾರಣವನ್ನು ತಿಳಿಯಬೇಕಾದರೆ ಒಂದೇ ಒಂದು ಕಂಬದ ರಚನೆಯನ್ನು ಗಮನಿಸಿದರೆ ಸಾಕು. ಕ್ರೋಶಾದ ಪ್ರತಿಯೊಂದು ಕಂಬಕ್ಕೂ ಒಂದು ಕಾಲು, ಅದರ ಮೇಲೊಂದು ತಲೆ ಇರುತ್ತವೆ. ಕೆಳಗಿನ ಸುತ್ತಿನಿಂದ ಮೇಲೆದ್ದ ಭಾಗವೇ ಕಾಲು. ಅದರ ತುದಿಯಲ್ಲಿ ಸರಪಳಿಯ ಕೊಂಡಿಯಂತೆ ಮಲಗಿರುವ ಎರಡು ಎಳೆಗಳೇ ತಲೆ. ಬಲಗೈಯಿಂದ ಹೆಣೆಯುವವರ ಕೆಲಸದಲ್ಲಿ ಈ ತಲೆಯು ಕಾಲಿನ ನೇರ ಮೇಲೆ ಕೂರದೆ ತುಸು ಬಲಕ್ಕೆ ಸರಿದು ಕೂರುತ್ತದೆ. ಮುಂದಿನ ಸುತ್ತಿನ ಕಂಬವು ಆ ತಲೆಯೊಳಗಿನಿಂದಲೇ ಏಳಬೇಕು. ಆದುದರಿಂದ ಅದೂ ತುಸು ಬಲಕ್ಕೆ ನಿಲ್ಲುತ್ತದೆ. ಅದರ ತಲೆ ಇನ್ನೂ ತುಸು ಬಲಕ್ಕೆ. ಒಂದು ಸುತ್ತಿನಲ್ಲಿ ಆಗುವ ಈ ಸರಿತ ಒಂದು ಕಂಬದ ಅಗಲದಲ್ಲಿ ಒಂದು ಸಣ್ಣ ಅಂಶ ಮಾತ್ರ. ಕಣ್ಣಿಗೆ ಅದು ಗೋಚರಿಸುವುದೇ ಇಲ್ಲ. ನಲವತ್ತು ಸುತ್ತುಗಳು ಕಳೆದಾಗ ಅದು ಗೆರೆಯ ಓರೆಯಾಗಿ ಪ್ರಕಟವಾಗುತ್ತದೆ.

ಇದರಿಂದ ಹಲವು ಸಂಗತಿಗಳು ತಾವಾಗಿ ಸ್ಪಷ್ಟವಾಗುತ್ತವೆ. ಎಡಗೈಯವರು ಹೆಣೆದ ಅಂಗಿಯಲ್ಲಿ ಗೆರೆ ಎಡಕ್ಕೆ ವಾಲುತ್ತದೆ. ಕಡ್ಡಿಗೆ ದಾರ ಸುತ್ತಿಕೊಳ್ಳದೆ ಹೆಣೆಯುವ ಗಿಡ್ಡ ಕಂಬದಲ್ಲಿ ಓರೆ ಹೆಚ್ಚು. ದಾರ ಸುತ್ತಿಕೊಂಡು ಹೆಣೆಯುವ ಉದ್ದ ಕಂಬದಲ್ಲಿ ಅಷ್ಟೇ ಎತ್ತರಕ್ಕೆ ಕಡಮೆ ಸುತ್ತುಗಳು ಸಾಕಾಗುವುದರಿಂದ ಓರೆಯೂ ಕಡಮೆ. ಒಂದೇ ಕೈ ಎರಡು ತೋಳುಗಳನ್ನು ಹೆಣೆದರೆ ಎರಡರ ಗೆರೆಯೂ ಒಂದೇ ದಿಕ್ಕಿಗೆ ತಿರುಗುತ್ತದೆ. ಹಾಗಾಗಿ ತೊಟ್ಟಾಗ ಒಂದು ತೋಳಿನ ಗೆರೆ ಮುಂದಕ್ಕೂ ಇನ್ನೊಂದರದು ಹಿಂದಕ್ಕೂ ಬರುತ್ತದೆ. ಕೆಳಗಿನಿಂದ ಮೇಲಕ್ಕೆ ಹೆಣೆಯುವ ಬದಲು ಕುತ್ತಿಗೆಯಿಂದ ಕೆಳಕ್ಕೆ ಹೆಣೆದರೂ ಪರಿಹಾರವಿಲ್ಲ; ಓರೆಗೆರೆಯನ್ನು ತಲೆಕೆಳಗು ಮಾಡಿದರೆ ಅದು ಅದೇ ದಿಕ್ಕಿನ ಓರೆಯಾಗಿಯೇ ಉಳಿಯುತ್ತದೆ.

ಈ ಮೂಲವನ್ನು ಅರಿಯದವರು ಮಾಡುವ ಉಪಾಯಗಳು ಪ್ರಾಯಶಃ ಕೊನೆಯ ಗಳಿಗೆಯವು. ಅಂಗಿಯನ್ನು ತೋಯಿಸಿ, ಎಳೆದು, ಗುಂಡುಸೂಜಿಗಳಿಂದ ಹಲಗೆಗೆ ಚುಚ್ಚಿ ಒಣಗಿಸುವುದು ಅವುಗಳಲ್ಲಿ ಒಂದು. ಮೊದಲ ದಿನ ಅದು ನೆಟ್ಟಗೆ ಕಾಣುತ್ತದೆ. ಒಗೆತಕ್ಕೆ ಬಿದ್ದ ಮೇಲೆ ಗೆರೆ ತನ್ನ ಜಾಗಕ್ಕೆ ಮರಳುತ್ತದೆ. ಎರಡನೆಯದು ಬಿಗಿಯಾಗಿ ಹೆಣೆಯುವುದು. ಬಿಗಿಯಾದ ಕೈಯಿಂದ ಬಟ್ಟೆ ಗಡುಸಾಗುತ್ತದೆಯೇ ಹೊರತು ತಲೆಯು ಕಾಲಿನ ಮೇಲೆ ಬಂದು ಕೂರುವುದಿಲ್ಲ. ಮೂರನೆಯದು ಬೈಗುಳ. ಕಲಿಯುವ ಹುಡುಗಿಯನ್ನು ಎಷ್ಟು ಗದರಿದರೂ ಗೆರೆ ನೆಟ್ಟಗಾಗದು. ಹುಡುಗಿ ಕಡ್ಡಿಯನ್ನು ಕೆಳಗಿಡುತ್ತಾಳೆ, ಅಷ್ಟೆ.

ಆದರೆ ಓರೆಗಳೆಲ್ಲವೂ ಒಂದೇ ಜಾತಿಯವಲ್ಲ ಎಂಬುದನ್ನೂ ಹೇಳಬೇಕು. ಕೈಯ ತಪ್ಪಿನಿಂದ ಬರುವ ಓರೆಯೂ ಉಂಟು. ಸುತ್ತನ್ನು ಮುಗಿಸುವಾಗ ಹಾಕುವ ಸ್ಲಿಪ್ ಸ್ಟಿಚ್ಚನ್ನು ಒಂದು ಕಂಬವೆಂದು ಭಾವಿಸಿ ಅದರೊಳಗೂ ಹೆಣೆದರೆ, ಅಥವಾ ಆರಂಭದ ಸರಪಳಿಯನ್ನು ಒಂದು ಸುತ್ತಿನಲ್ಲಿ ಲೆಕ್ಕಕ್ಕೆ ಹಿಡಿದು ಇನ್ನೊಂದರಲ್ಲಿ ಬಿಟ್ಟರೆ, ಕಂಬಗಳ ಸಂಖ್ಯೆ ಏರುಪೇರಾಗುತ್ತದೆ. ಆಗ ಗೆರೆ ಸರಿಯುವುದರ ಜೊತೆಗೆ ಅಂಗಿಯೂ ಅಗಲವಾಗುತ್ತಲೋ ಸಪೂರವಾಗುತ್ತಲೋ ಹೋಗುತ್ತದೆ. ಇದನ್ನು ಕಂಡುಹಿಡಿಯಲು ಪ್ರತಿ ಸುತ್ತಿನ ಕಂಬಗಳನ್ನು ಎಣಿಸಿದರೆ ಸಾಕು. ಲೆಕ್ಕಪತ್ರ ಬಲ್ಲವರಿಗೆ ಇದು ತಾಳೆಪಟ್ಟಿಯನ್ನು ನೋಡಿದ ಹಾಗೆ. ಆದರೆ ತಾಳೆಪಟ್ಟಿಯ ಎರಡು ಕಡೆಗಳು ಸರಿಬಂದ ಮಾತ್ರಕ್ಕೆ ಲೆಕ್ಕದಲ್ಲಿ ದೋಷವಿಲ್ಲವೆಂದು ಹೇಳುವಂತಿಲ್ಲ. ಒಬ್ಬರ ಖಾತೆಗೆ ಹೋಗಬೇಕಾದ ಹಣ ಇನ್ನೊಬ್ಬರ ಖಾತೆಗೆ ಹೋಗಿದ್ದರೂ ಮೊತ್ತಗಳು ಸರಿಬರುತ್ತವೆ. ಹಾಗೆಯೇ ಸುತ್ತಿನ ಮೊದಲ ಕಂಬವನ್ನು ಪ್ರತಿ ಸಲವೂ ಒಂದು ಮನೆ ಮುಂದಕ್ಕೆ ಹಾಕಿ, ಕೊನೆಯಲ್ಲಿ ಒಂದನ್ನು ಹೆಚ್ಚಾಗಿ ಹೆಣೆದು ಎಣಿಕೆ ಸರಿದೂಗಿಸುವವರಿದ್ದಾರೆ. ಸಂಖ್ಯೆ ಸರಿ, ಗೆರೆ ಮಾತ್ರ ಬೇಗಬೇಗನೆ ಓಡುತ್ತದೆ.

ಇದನ್ನು ಹಿಡಿಯಲು ಇನ್ನೊಂದು ಪರೀಕ್ಷೆಯಿದೆ. ಜೋಡಣೆಯ ಗೆರೆಯನ್ನು ಬಿಟ್ಟು, ಅಂಗಿಯ ನಡುಭಾಗದಲ್ಲಿ ಯಾವುದಾದರೂ ಒಂದು ಕಂಬವನ್ನು ಆರಿಸಿಕೊಂಡು, ಅದರ ತಲೆಯಿಂದ ಎದ್ದ ಕಂಬ, ಅದರ ಮೇಲಿನದು, ಅದರ ಮೇಲಿನದು ಎಂದು ಬೆರಳಿಟ್ಟು ಏರುತ್ತ ಹೋಗಬೇಕು. ಆ ಕಂಬಸಾಲೂ ಜೋಡಣೆಯ ಗೆರೆಯೂ ಒಂದೇ ಸಮನಾಗಿ ವಾಲಿದ್ದರೆ ಅದು ಹೆಣಿಗೆಯ ಸ್ವಭಾವ. ಗೆರೆಯು ಕಂಬಸಾಲುಗಳನ್ನು ಅಡ್ಡವಾಗಿ ದಾಟಿ ಹೋಗಿದ್ದರೆ ಅದು ಜೋಡಿಸಿದವರ ತಪ್ಪು. ಇವೆರಡರ ಹೊರತಾಗಿ ನೂಲಿನ ಹುರಿಯೂ ತನ್ನ ಪಾಲಿನ ಓರೆಯನ್ನು ಸೇರಿಸುವುದುಂಟು. ಒಂಟಿ ಎಳೆಯ ನೂಲಿನಿಂದ ಯಂತ್ರದಲ್ಲಿ ಹೆಣೆದ ಟಿ-ಶರ್ಟುಗಳ ಪಕ್ಕದ ಹೊಲಿಗೆ, ನಾಲ್ಕು ಸಲ ಒಗೆದ ಮೇಲೆ ಹೊಟ್ಟೆಯ ಕಡೆಗೆ ತಿರುಗಿಕೊಳ್ಳುವುದನ್ನು ಎಲ್ಲರೂ ಕಂಡಿದ್ದಾರೆ. ಅಲ್ಲಿ ದರ್ಜಿಯ ತಪ್ಪೇನೂ ಇರಬೇಕಾಗಿಲ್ಲ. ಹುರಿಯು ಬಿಚ್ಚಿಕೊಳ್ಳಲು ಹವಣಿಸುವುದೇ ಒಂದು ಮುಖ್ಯ ಕಾರಣ. ಎರಡು ಮೂರು ಎಳೆಗಳನ್ನು ಎದುರು ದಿಕ್ಕಿನಲ್ಲಿ ಹುರಿಗೊಳಿಸಿದ ನೂಲಿನಲ್ಲಿ ಈ ತೊಂದರೆ ಕಡಮೆ.

ಮೂಲ ತಿಳಿದ ಮೇಲೆ ಪರಿಹಾರ ಕಷ್ಟವಲ್ಲ. ಸ್ವಭಾವದ ಓರೆಗೆ ಅತ್ಯಂತ ಸರಳವಾದ ಉಪಾಯವೆಂದರೆ ಪ್ರತಿ ಸುತ್ತಿನ ಕೊನೆಯಲ್ಲಿ ಕೆಲಸವನ್ನು ತಿರುಗಿಸಿಕೊಳ್ಳುವುದು. ಸುತ್ತನ್ನು ಸ್ಲಿಪ್ ಸ್ಟಿಚ್ಚಿನಿಂದ ಮುಚ್ಚಿ, ಸರಪಳಿ ಹಾಕಿ, ಅಂಗಿಯ ಒಳಮೈ ತನ್ನ ಕಡೆಗೆ ಬರುವಂತೆ ತಿರುಗಿಸಿ, ಬಂದ ದಾರಿಯಲ್ಲಿಯೇ ಹಿಂದಕ್ಕೆ ಹೆಣೆಯಬೇಕು. ಒಂದು ಸುತ್ತು ಬಲಕ್ಕೆ ವಾಲಿದರೆ ಮುಂದಿನದು ಎಡಕ್ಕೆ ವಾಲುತ್ತದೆ. ಹತ್ತಿರದಿಂದ ನೋಡಿದರೆ ಗೆರೆ ಸ್ವಲ್ಪ ಅಂಕುಡೊಂಕು. ಇಡಿಯಾಗಿ ನೋಡಿದರೆ ನೇರ. ಸಾಲುಸಾಲಾಗಿ, ತಿರುಗಿಸಿ ತಿರುಗಿಸಿ ಹೆಣೆಯುವ ಮಫ್ಲರಿನಲ್ಲಿ ಈ ದೋಷ ಕಾಣಿಸದಿರುವುದು ಇದೇ ಕಾರಣದಿಂದ. ಆದರೆ ಇದಕ್ಕೆ ಒಂದು ಬೆಲೆ ಉಂಟು: ಬಟ್ಟೆಯ ಹೊರಮೈಯಲ್ಲಿ ಒಂದು ಸುತ್ತಿನ ಮುಖವೂ ಇನ್ನೊಂದರ ಬೆನ್ನೂ ಕಾಣುವುದರಿಂದ ನಯ ಬೇರೆಯಾಗುತ್ತದೆ. ಅದು ಬೇಡವೆನ್ನುವವರು ಎಷ್ಟು ಸುತ್ತಿಗೆ ಗೆರೆ ಒಂದು ಕಂಬದಷ್ಟು ಸರಿಯುವುದೆಂದು ಮೊದಲು ಅಳೆದುಕೊಳ್ಳಬೇಕು. ಐದು ಸುತ್ತಿಗೆ ಒಂದು ಕಂಬವಾದರೆ, ಪ್ರತಿ ಐದನೆಯ ಸುತ್ತು ಮುಗಿದಾಗ ಮುಂದಿನ ಕಂಬದ ಮೇಲೊಂದು ಸ್ಲಿಪ್ ಸ್ಟಿಚ್ ಹಾಕಿ ಅಲ್ಲಿಂದ ಆರಂಭಿಸಬೇಕು. ಗೆರೆ ತನ್ನ ಜಾಗದಲ್ಲಿ ನಿಲ್ಲುತ್ತದೆ. ಇನ್ನು ಓರೆಯಾಗಿಯೇ ಹೆಣೆದು ಮುಗಿಸಿದ ಅಂಗಿಯಲ್ಲಿ ತೋಳುಗಳನ್ನು ಬಿಡುವ ಮೊದಲು, ಗುರುತಿನ ದಾರವನ್ನು ನಂಬದೆ, ಅಂಗಿಯನ್ನು ಸಮನಾಗಿ ಮಡಿಸಿ ನಿಜವಾದ ಪಕ್ಕಗಳನ್ನು ಹೊಸದಾಗಿ ಗುರುತಿಸಬೇಕು. ಗೆರೆ ಓರೆಯಾಗಿದ್ದರೂ ಮಗುವಿನ ತೋಳು ಓರೆಯಾಗಬಾರದಷ್ಟೆ.

ಮನೆಯ ಮಗುವಿಗಾಗಿ ಹೆಣೆದ ಅಂಗಿಯಾದರೆ ವಿಚಾರ ಇಲ್ಲಿಗೆ ಮುಗಿಯುತ್ತದೆ. ಕೂಲಿಗಾಗಿ ಹೆಣೆದುದಾದರೆ ಮುಗಿಯುವುದಿಲ್ಲ. ನಿಜವಾದ ಕ್ರೋಶಾ ಹೆಣಿಗೆಯನ್ನು ಕೈಗೆ ಬದಲಾಗಿ ಮಾಡಿಕೊಡುವ ಯಂತ್ರ ಇಂದಿಗೂ ಕಾರ್ಖಾನೆಗಳಿಗೆ ಬಂದಿಲ್ಲ. ಅಂಗಡಿಯಲ್ಲಿ ತೂಗುವ ಪ್ರತಿಯೊಂದು ಕ್ರೋಶಾ ಉಡುಪಿನ ಹಿಂದೆ ಯಾರದೋ ಕೈ ಇದೆ. ಆಂಧ್ರಪ್ರದೇಶದ ಗೋದಾವರಿ ತೀರದ ನರಸಾಪುರದ ಸುತ್ತಮುತ್ತ ಹೆಂಗಸರು ತಲೆತಲಾಂತರದಿಂದ ಕ್ರೋಶಾ ಲೇಸನ್ನು ಹೆಣೆಯುತ್ತ ಬಂದಿದ್ದಾರೆ. ಅದಕ್ಕೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆ ಹೆಂಗಸರ ಬಾಳನ್ನು ಕುರಿತು ಮರಿಯಾ ಮೀಸ್ ಎಂಬ ವಿದುಷಿ ಬರೆದ ಗ್ರಂಥ 1982ರಲ್ಲಿ ಪ್ರಕಟವಾಯಿತು. ದಿನದ ಹಲವು ಗಂಟೆ ದುಡಿಯುವ ಅವರನ್ನು ಕೆಲಸಗಾರರೆಂದು ಎಣಿಸದೆ, ಬಿಡುವಿನ ವೇಳೆಯಲ್ಲಿ ಕೈಯಾಡಿಸುವ ಗೃಹಿಣಿಯರೆಂದು ಕರೆದು, ನಗಗೆ ಇಷ್ಟೆಂದು ಅತ್ಯಲ್ಪ ಕೂಲಿ ಕೊಡುವ ವ್ಯವಸ್ಥೆಯನ್ನು ಅದು ವಿವರಿಸುತ್ತದೆ. ನಗದ ಮೇಲಿನ ಕೂಲಿಯಲ್ಲಿ “ದೋಷ” ಎಂಬ ಒಂದು ಮಾತಿಗೆ ಎಷ್ಟು ತೂಕವಿದೆಯೆಂಬುದು ಇದರಿಂದ ಅರಿವಾಗುತ್ತದೆ. ಮಾಲನ್ನು ನೋಡಿ ದೋಷವೆನ್ನುವವರು ವರ್ತಕರು; ಆ ಮಾತಿನ ಬೆಲೆಯನ್ನು ತೆರುವವರು ಹೆಣೆದವರು.

ಉತ್ತರ ಕರ್ನಾಟಕದ ಒಂದು ಪಟ್ಟಣದಲ್ಲಿ ನಡೆದ ಸಂಗತಿ ಇಲ್ಲಿ ಸ್ಮರಣೀಯ. ವಯಸ್ಸಾದ ಶ್ರಾವಿಕೆಯೊಬ್ಬರು ತಮ್ಮ ಪಡಸಾಲೆಯಲ್ಲಿ ಹುಡುಗಿಯರಿಗೆ ಕ್ರೋಶಾ ಕಲಿಸುತ್ತಿದ್ದರು. ಸಮಾಜದವರೇ ಆದ ಬಟ್ಟೆಯ ವರ್ತಕರೊಬ್ಬರು ಆರು ವರ್ಷದ ಮಕ್ಕಳ ಅಳತೆಯ ಹನ್ನೆರಡು ಹತ್ತಿನೂಲಿನ ಅಂಗಿಗಳನ್ನು ಹೇಳಿಕೊಟ್ಟರು. ಮಾದರಿಗಾಗಿ ಎಳೆಗೂಸಿನ ಅಳತೆಯ ಒಂದು ಪುಟ್ಟ ಅಂಗಿಯನ್ನೂ ಕೊಟ್ಟಿದ್ದರು. ಮಾಲು ಬಂದಾಗ ಹನ್ನೆರಡರ ಗೆರೆಯೂ ಓರೆಯಾಗಿತ್ತು. ಅವರು ಪ್ರತಿ ಅಂಗಿಯ ಕೂಲಿಯಲ್ಲಿ ಕಾಲುಭಾಗವನ್ನು ಹಿಡಿದರು. ಹುಡುಗಿಯರು ಮರುಮಾತಿಲ್ಲದೆ ಒಪ್ಪಿಕೊಂಡರು. ತಪ್ಪು ತಮ್ಮದೆಂದೇ ಅವರು ನಂಬಿದ್ದರು. ಆ ಹಿರಿಯರು ಮಾತ್ರ ಮರುದಿನ ಅಂಗಡಿಗೆ ಹೋಗಿ, “ಸಾಹುಕಾರರೇ, ತೀರ್ಪು ಆಯಿತು. ಈಗ ವಿಚಾರಣೆ ಮಾಡೋಣ” ಎಂದು ಹನ್ನೆರಡು ಅಂಗಿಗಳನ್ನೂ ಗಾದಿಯ ಮೇಲೆ ಹರಡಿಸಿದರು.

ಎಣಿಸಿದಾಗ ಹತ್ತು ಅಂಗಿಗಳಲ್ಲಿ ಮೊದಲ ಸುತ್ತಿನಿಂದ ನಲವತ್ತನೆಯ ಸುತ್ತಿನವರೆಗೆ ಎಲ್ಲೆಡೆ 96 ಕಂಬಗಳೇ ಇದ್ದವು. ಕಂಬಸಾಲೂ ಗೆರೆಯೂ ಒಂದೇ ಸಮನಾಗಿ ವಾಲಿದ್ದವು. ಉಳಿದ ಎರಡರಲ್ಲಿ 96 ಇದ್ದುದು ಮೇಲೆ ಬರುತ್ತ 103 ಆಗಿತ್ತು. “ಈ ಎರಡು ನಮ್ಮ ತಪ್ಪು, ಬಿಚ್ಚಿ ಮತ್ತೆ ಹೆಣೆದು ಕೊಡುತ್ತೇವೆ. ಇನ್ನು ತಮ್ಮ ಮಾದರಿಯನ್ನು ತರಿಸಿರಿ” ಎಂದರು. ಎಳೆಗೂಸಿನ ಆ ಅಂಗಿಯನ್ನು ಮಡಿಸಿ ನೋಡಿದಾಗ ಅದರ ಗೆರೆಯೂ ಅದೇ ಓರೆಯಲ್ಲಿತ್ತು. ಹನ್ನೆರಡೇ ಸುತ್ತುಗಳಿದ್ದುದರಿಂದ ಸರಿತ ಒಂದು ಬೆರಳಗಲವೂ ಇರಲಿಲ್ಲ. ಆದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹುಡುಗಿಯರು ಮಾದರಿಯಲ್ಲಿದ್ದುದನ್ನು ಮಾದರಿಯಂತೆಯೇ ಹೆಣೆದಿದ್ದರು. ವರ್ತಕರು ಬಹಳ ಹೊತ್ತು ಸುಮ್ಮನಿದ್ದು, “ಅಕ್ಕನವರೇ, ಹತ್ತು ಅಂಗಿಗಳ ಹಣ ಈಗಲೇ ಕೊಡಿಸುತ್ತೇನೆ” ಎಂದರು. ಕೊಡಿಸಿದರು. ಮುಂದಿನ ಬೇಡಿಕೆಯಲ್ಲಿ ಪ್ರತಿ ಸುತ್ತಿಗೂ ತಿರುಗಿಸಿ ಹೆಣೆಯಬೇಕೆಂಬ ಸೂಚನೆಯನ್ನೂ ಬರೆಸಿದರು.

ಈ ಸಂಗತಿಯನ್ನು ನಮ್ಮ ಶಾಸ್ತ್ರದ ಬೆಳಕಿನಲ್ಲಿ ನೋಡಬಹುದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದೆ. ವ್ರತವನ್ನು ಪೂರ್ತಿಯಾಗಿ ಮುರಿಯದೆ, ಅದರ ಅಂಚನ್ನು ಸವೆಸುವ ಸಣ್ಣ ಸರಿತಗಳು ಅವು. ಅಚೌರ್ಯವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು: ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ. ತಕ್ಕಡಿಯನ್ನೂ ಗಜಕಡ್ಡಿಯನ್ನೂ ಶುದ್ಧವಾಗಿಟ್ಟ ವರ್ತಕರು ಈ ಅತಿಚಾರದಿಂದ ದೂರವಿದ್ದೇವೆಂದು ಸಮಾಧಾನಪಡುತ್ತಾರೆ. ಆದರೆ ತನ್ನ ಮಾದರಿಯಲ್ಲಿ ಓರೆಯನ್ನು ಕಾಣದ ಕಣ್ಣು, ಇನ್ನೊಬ್ಬರ ಕೆಲಸದಲ್ಲಿ ಅದನ್ನೇ ಕಂಡು ಬೆಲೆ ಕಟ್ಟಿದರೆ, ಅದು ಎರಡು ಅಳತೆಗಳಲ್ಲದೆ ಮತ್ತೇನು? ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವನ್ನು ಎಣಿಸಿರುವುದೂ ಇಲ್ಲಿ ನೆನೆಯತಕ್ಕದ್ದು. ಕಾಲುಭಾಗ ಕೂಲಿ ಎಂದರೆ ಒಂದು ಬಡ ಮನೆಯಲ್ಲಿ ಕೆಲವು ಹೊತ್ತಿನ ಊಟ. ಹಾಗೆಂದು ಹೆಣೆದವರಿಗೂ ಮಾರುವವರಿಗೂ ಬಿಡುತಿಯಿಲ್ಲ. ಓರೆಯನ್ನು ಇಸ್ತ್ರಿಯ ಕೆಳಗೆ ಅಡಗಿಸಿ, ನೇರವೆಂದು ಗಿರಾಕಿಗೆ ಮಾರಿದರೆ ಅದು ಪ್ರತಿರೂಪಕ ವ್ಯವಹಾರದ ಕಡೆಗೆ ಇಟ್ಟ ಹೆಜ್ಜೆಯೇ ಸರಿ.

ಅಮಿತಗತಿ ಆಚಾರ್ಯರು ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂದು ಪತನದ ನಾಲ್ಕು ಮೆಟ್ಟಿಲುಗಳನ್ನು ವಿವರಿಸಿದ್ದಾರೆ. ಮೊದಲು ಮನಸ್ಸಿನ ಶುದ್ಧಿ ಕೆಡುತ್ತದೆ; ಆಮೇಲೆ ಶೀಲದ ಬೇಲಿ ದಾಟುತ್ತದೆ; ಆಮೇಲೆ ವಿಷಯಗಳಲ್ಲಿ ಪ್ರವೃತ್ತಿ; ಕೊನೆಗೆ ಅತ್ಯಾಸಕ್ತಿ. ಕೊನೆಯ ಮೆಟ್ಟಿಲನ್ನು ಲೋಕವೆಲ್ಲ ಕಾಣುತ್ತದೆ, ನಲವತ್ತನೆಯ ಸುತ್ತನ್ನು ಕಂಡ ಹಾಗೆ. ಮೊದಲನೆಯದನ್ನು ಕಾಣಬಲ್ಲವನು ತಾನೊಬ್ಬನೇ. ಆದುದರಿಂದಲೇ ಪ್ರತಿಕ್ರಮಣವನ್ನು ಬಾಳಿನ ಕೊನೆಗೆ ಒಮ್ಮೆ ಮಾಡಿ ಮುಗಿಸುವ ಕ್ರಿಯೆಯಾಗಿ ಇಟ್ಟಿಲ್ಲ. ಹಗಲಿನದು ದೈವಸಿಕ, ಇರುಳಿನದು ರಾತ್ರಿಕ, ನಡೆದಾಟದ ದೋಷಕ್ಕೆ ಐರ್ಯಾಪಥಿಕ, ಬಳಿಕ ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ, ಕಟ್ಟಕಡೆಗೆ ಉತ್ತಮಾರ್ಥ. ಪ್ರತಿಕ್ರಮಣವೆಂದರೆ ಹಿಂದಕ್ಕೆ ಹೆಜ್ಜೆಯಿಡುವುದು, ಮರಳಿ ಬರುವುದು. ಸುತ್ತು ಮುಗಿದೊಡನೆ ಕೆಲಸವನ್ನು ತಿರುಗಿಸಿಕೊಳ್ಳುವವಳು ಮಾಡುವುದೂ ಅದನ್ನೇ. ತಿರುಗಿಸಿದಾಗ ಅವಳು ಅಂಗಿಯ ಒಳಮೈಯನ್ನು ನೋಡಲೇಬೇಕಾಗುತ್ತದೆ. ತಿರುಗಿಸದೆ ಹೆಣೆಯುವವಳಿಗೆ ಕೊನೆಯವರೆಗೂ ಹೊರಮೈಯ ಚೆಲುವು ಮಾತ್ರ ಕಾಣುತ್ತಿರುತ್ತದೆ.

ಈ ಉಪಮೆಯು ಒಂದು ಕಡೆ ಹೊಂದುವುದಿಲ್ಲ ಎಂಬುದನ್ನು ಮರೆಯಬಾರದು. ವಾಲುವುದು ಕಂಬದ ಸ್ವಭಾವ; ಆದರೆ ಕ್ರೋಧ, ಮಾನ, ಮಾಯೆ, ಲೋಭಗಳು ಆತ್ಮನ ಸ್ವಭಾವವಲ್ಲ, ವಿಭಾವ. ಕಂಬವನ್ನು ವಾಲದಂತೆ ಮಾಡಲಾಗದು, ಒಂದು ವಾಲನ್ನು ಇನ್ನೊಂದರಿಂದ ಸರಿದೂಗಿಸಬಹುದಷ್ಟೆ. ಆತ್ಮನಾದರೋ ಕಷಾಯಗಳಿಂದ ಪೂರ್ಣವಾಗಿ ಬಿಡುಗಡೆ ಹೊಂದಬಲ್ಲುದು. ಆದರೂ ಆ ದೂರದ ದಾರಿಯಲ್ಲಿ ಗೃಹಸ್ಥನ ಕೈಗೆಟಕುವ ಸಾಧನ ಈ ತಿರುಗಿ ನೋಡುವಿಕೆಯೇ. ಆಲೋಚನೆಯು ತನ್ನ ದೋಷಕ್ಕಾಗಿ ವಿಧಿಸಿದ್ದು, ಇತರರ ದೋಷಕ್ಕಾಗಿ ಅಲ್ಲ. ಇತರರ ಕೆಲಸ ಎದುರಿಗೆ ಬಂದಾಗ ಮೊದಲು ಎಣಿಸಬೇಕು, ಸಾಲನ್ನು ಬೆರಳಿಟ್ಟು ನೋಡಬೇಕು, ತನ್ನ ಮಾದರಿಯನ್ನು ತೆಗೆದು ಪಕ್ಕಕ್ಕಿಡಬೇಕು; ಮಾತು ಆಮೇಲೆ. ಅನೇಕಾಂತವನ್ನು ವ್ಯಾಖ್ಯಾನಗಳಲ್ಲಿ ಹೊಗಳುವವರು ಅದನ್ನು ಅಂಗಡಿಯ ಗಾದಿಯ ಮೇಲೆ ಆಚರಿಸಬೇಕಾದ ರೀತಿ ಇದು.

ಆ ವರ್ತಕರ ಮನಸ್ಸಿಗೆ ಹತ್ತು ಅಂಗಿಗಳ ಹಣ ಕೊಟ್ಟ ಮಾತ್ರಕ್ಕೆ ಸಮಾಧಾನವಾಗಲಿಲ್ಲ. ಹಿಂದಿನ ವರ್ಷಗಳಲ್ಲಿಯೂ ಓರೆಯೆಂಬ ಕಾರಣಕ್ಕೆ ಕೂಲಿ ಹಿಡಿದದ್ದು ನೆನಪಿಗೆ ಬಂದಿತು. ಹಳೆಯ ರೋಜುಕಿರ್ದಿಗಳನ್ನು ಇಳಿಸಿ ನೋಡಿದರು. “ಮಾಲಿನ ದೋಷಕ್ಕೆ ಕಡಿತ” ಎಂದು ತಾರೀಖು ಸಹಿತ ಮೊತ್ತಗಳಿದ್ದವು. ಯಾರ ಕೂಲಿಯಿಂದ ಎಂದು ಬರೆದಿರಲಿಲ್ಲ. ಅವರಲ್ಲಿ ಕೆಲವರು ಮದುವೆಯಾಗಿ ಬೇರೆ ಊರು ಸೇರಿದ್ದರು, ಒಬ್ಬಿಬ್ಬರು ತೀರಿಕೊಂಡಿದ್ದರು. ಆ ವರ್ಷದ ಕ್ಷಮಾವಣಿಯಂದು ಬಸದಿಯಲ್ಲಿ ಎಲ್ಲರೊಡನೆ ಕ್ಷಮೆ ಬೇಡಿದ ಮೇಲೆ, ಅವರು ಗುರುತು ಸಿಕ್ಕ ಏಳು ಮನೆಗಳಿಗೆ ತಾವೇ ನಡೆದುಹೋಗಿ ಹಣವನ್ನು ಹಿಂದಿರುಗಿಸಿ ಬಂದರು. ಗುರುತು ಸಿಗದವರ ಹಣವನ್ನು ಕಲಿಯುವ ಹುಡುಗಿಯರ ನೂಲಿಗೆಂದು ಆ ಹಿರಿಯರ ಕೈಗಿತ್ತರು. ಆದರೆ ಅದರಿಂದ ಋಣ ತೀರಿತೆಂದು ಅವರು ಎಂದೂ ಹೇಳಿಕೊಂಡಿಲ್ಲ. ಅಂದಿನಿಂದ ಅವರ ಪುಸ್ತಕದಲ್ಲಿ ಕಡಿತದ ಪ್ರತಿಯೊಂದು ಬಾಬಿನ ಎದುರಿಗೂ ಎರಡು ಹೊಸ ಅಂಕಣಗಳಿವೆ. ಒಂದರಲ್ಲಿ ಹೆಣೆದವರ ಹೆಸರು. ಇನ್ನೊಂದರಲ್ಲಿ, ಎಣಿಸಿ ನೋಡಿದ ಬಳಿಕ ಕಂಡುಬಂದ ಕಾರಣ. ಎರಡನೆಯ ಅಂಕಣವನ್ನು ತುಂಬಲಾಗದ ದಿನ ಮೊದಲನೆಯ ಅಂಕಣದಲ್ಲಿಯೂ ಅವರು ಏನನ್ನೂ ಬರೆಯುವುದಿಲ್ಲ.